ಎಂಬತ್ತಾರು ತಟ್ಟೆ

ಮಗಳ ಫೋನು ಬಂದಾಗ ದೊಡ್ಡಕ್ಕ ಕ್ಯಾಂಟೀನಿನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಎರಡೂ ಕೈಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಕೊಂಡಿದ್ದಳು. ಮಧ್ಯಾಹ್ನದ ಊಟದ ಗದ್ದಲ ಆಗಷ್ಟೇ ಮುಗಿದಿತ್ತು. ಕಾರ್ಖಾನೆಯ ನಾನೂರು ಜನ ಉಂಡು ಹೋಗಿದ್ದರು. ಒಳಗೆ ತಟ್ಟೆ ತೊಳೆಯುವ ಯಂತ್ರ ಗೊರಗೊರ ಎನ್ನುತ್ತಿತ್ತು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕೈಯಲ್ಲಿ ಹಿಡಿದರೆ ಎರಡು ನಿಮಿಷದಲ್ಲಿ ಬೆರಳು ಮರಗಟ್ಟುತ್ತಿತ್ತು.

“ಅಮ್ಮ, ಭಾನುವಾರ ಮೆಣಸಿಂದು ಹುಟ್ಟುಹಬ್ಬ. ನೆನಪಿದೆ ತಾನೆ?”

“ನೆನಪಿಲ್ದೆ ಏನು. ಮೊಮ್ಮಗಳಿಗೆ ಐದು ತುಂಬುತ್ತೆ.”

“ಈ ಸಲ ಸ್ವಲ್ಪ ದೊಡ್ಡದಾಗಿ ಮಾಡೋಣ ಅಂತ. ಎಲ್ಲರ ಮನೆಗೂ ಹೋಗಿ ತಿಂದು ಬಂದಿದ್ದೀವಿ, ನಾವು ಒಂದು ಸಲಾನೂ ಯಾರನ್ನೂ ಕರೆದಿಲ್ಲ. ನಮ್ಮ ಮನೆಗೆ ಯಾಕೆ ಯಾರೂ ಬರಲ್ಲ ಅಂತ ಮೆಣಸು ಮೊನ್ನೆ ಕೇಳಿಬಿಟ್ಟಳು. ಒಂದು ಐವತ್ತು ಜನ ಆಗಬಹುದು. ನೀನೇ ಅಡುಗೆ ಮಾಡಿಬಿಡಮ್ಮ. ದಿನಾ ನಾನೂರು ಜನಕ್ಕೆ ಮಾಡೋಳು ನೀನು, ಐವತ್ತು ಜನ ನಿನಗೆ ಯಾವ ಮೂಲೆಗೆ?”

ದೊಡ್ಡಕ್ಕ ಬಕೆಟ್ಟಿನ ನೀರನ್ನು ನೋಡುತ್ತ “ಆಯ್ತು” ಎಂದಳು. ಬೇರೆ ಏನು ಹೇಳುವುದಕ್ಕೂ ಹೆಚ್ಚು ಮಾತು ಬೇಕಾಗುತ್ತಿತ್ತು.

ದೊಡ್ಡಕ್ಕ ಎಂದು ಅವಳಿಗೆ ಹೆಸರಿಟ್ಟದ್ದು ಕ್ಯಾಂಟೀನು. ಹುಟ್ಟಿದ ಮನೆಯಲ್ಲಿ ಐದು ಮಕ್ಕಳಲ್ಲಿ ಅವಳೇ ಕೊನೆಯವಳು. ಅವಳನ್ನು ಅಕ್ಕ ಎನ್ನುವವರೇ ಇರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಪಾತ್ರೆ ಉಜ್ಜಲು ಸೇರಿದವಳು ತರಕಾರಿ ಹೆಚ್ಚಿ, ಸೌಟು ಹಿಡಿದು, ಈಗ ಅಡುಗೆಮನೆಗೆಲ್ಲ ಹಿರಿಯಳಾಗಿದ್ದಳು. ನಾನೂರು ಜನಕ್ಕೆ ಮಾಡುತ್ತಾಳೆ ಎಂಬುದು ಸುಳ್ಳಲ್ಲ. ಆದರೆ ಅಲ್ಲಿ ಹೆಚ್ಚಲು ಇಬ್ಬರು, ತೊಳೆಯಲು ಮೂವರು, ಹಿಟ್ಟು ಕಲಸಲು ಯಂತ್ರ. ಮಗಳ ಮನೆಯಲ್ಲಿ ಇರುವುದು ಒಂದು ಗ್ಯಾಸಿನ ಒಲೆ, ಮತ್ತೆ ಇವಳ ಎರಡು ಕೈ.

ಆ ಕೈಗಳ ಸಮಾಚಾರ ಮಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಮಣಿಕಟ್ಟು ಹಿಡಿದುಕೊಂಡಿತ್ತು. ಮೊದಮೊದಲು ಬೆಳಗ್ಗೆ ಎದ್ದಾಗ ಬೆರಳು ಜುಮ್ಮೆನ್ನುತ್ತಿತ್ತು, ಅಷ್ಟೇ. ಆಮೇಲೆ ಬಟ್ಟೆ ಹಿಂಡಲಾಗದೆ ಹೋಯಿತು. ಆಮೇಲೆ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಹೋಯಿತು. ಈಗೀಗ ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ಐದು ನಿಮಿಷ ಬೇಕು. ಕಾರ್ಖಾನೆಯ ಡಾಕ್ಟರು ಒತ್ತಿ ನೋಡಿ, “ಭಾರ ಎತ್ತೋದು ನಿಲ್ಲಿಸಿ. ಇಲ್ಲದಿದ್ರೆ ನಿಮ್ಮ ಕೈಯೇ ನಿಮಗೆ ಕೈಕೊಡುತ್ತೆ” ಎಂದು ತಮ್ಮ ಮಾತಿಗೆ ತಾವೇ ನಕ್ಕಿದ್ದರು. ದೊಡ್ಡಕ್ಕನಿಗೆ ನಗು ಬಂದಿರಲಿಲ್ಲ. ಭಾರ ಎತ್ತದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾರಿಗೂ ಹೇಳದೆ, ಮುಲಾಮು ಹಚ್ಚಿಕೊಂಡು, ಉದ್ದ ತೋಳಿನ ಅಂಗಿ ಹಾಕಿಕೊಂಡು ನಡೆಸುತ್ತಿದ್ದಳು.

ಬುಧವಾರ ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ಮಗಳ ಮನೆಗೆ ಹೋದಳು. ನಾಲ್ಕನೇ ಮಹಡಿ, ಲಿಫ್ಟು ಕೆಟ್ಟು ತಿಂಗಳಾಗಿತ್ತು. ಪ್ರತಿ ಮಹಡಿಯಲ್ಲೂ ಒಮ್ಮೆ ನಿಂತು ಉಸಿರು ಬಿಟ್ಟು ಹತ್ತಿದಳು. ಬಾಗಿಲು ತೆರೆದದ್ದು ಬೀಗಿತ್ತಿ, ಅಳಿಯನ ತಾಯಿ. ಆಕೆ ಮೂವತ್ತು ವರ್ಷ ಬಟ್ಟೆ ಹೊಲಿದು ಮಗನನ್ನು ಬೆಳೆಸಿದವಳು. ಈಗ ಮಗನ ಮನೆಯಲ್ಲೇ ಇದ್ದಾಳೆ. ಹೊಲಿಗೆ ಮಿಷನ್ನನ್ನೂ ಜೊತೆಗೆ ತಂದಿದ್ದಾಳೆ. ಮಾತು ಕಡಿಮೆ, ಆಡಿದ್ದು ಮಾತ್ರ ಸೂಜಿಯ ಹಾಗೆ.

“ಬನ್ನಿ ಬೀಗಿತ್ತಿ. ಬಡವಾದ ಹಾಗೆ ಕಾಣ್ತೀರ” ಎಂದಳು.

“ವಯಸ್ಸಾಯ್ತಲ್ಲ” ಎಂದಳು ದೊಡ್ಡಕ್ಕ.

“ನಿಮಗಿಂತ ನಾಲ್ಕು ವರ್ಷ ದೊಡ್ಡವಳು ನಾನು. ನನಗೇ ಇನ್ನೂ ಆಗಿಲ್ಲ.”

ಆ ಮನೆಯಲ್ಲಿ ಒಂದು ಫಜೀತಿಯಿತ್ತು. ಮಗಳು ‘ಅಮ್ಮ’ ಅಂದರೆ ದೊಡ್ಡಕ್ಕ, ಅಳಿಯ ‘ಅಮ್ಮ’ ಅಂದರೆ ಬೀಗಿತ್ತಿ. ಮಗಳು ‘ಅತ್ತೆ’ ಅಂದರೆ ಬೀಗಿತ್ತಿ, ಅಳಿಯ ‘ಅತ್ತೆ’ ಅಂದರೆ ದೊಡ್ಡಕ್ಕ. ಯಾರು ಏನು ಕೂಗಿದರೂ ಇಬ್ಬರೂ ತಿರುಗುತ್ತಿದ್ದರು. ಮೊಮ್ಮಗಳೊಬ್ಬಳೇ ಇದನ್ನು ಸರಿಯಾಗಿ ಬಗೆಹರಿಸಿಕೊಂಡಿದ್ದಳು: ಒಬ್ಬಳು ಕ್ಯಾಂಟೀನಜ್ಜಿ, ಇನ್ನೊಬ್ಬಳು ಮಿಷನಜ್ಜಿ. ಗಾತ್ರದಲ್ಲಿ ಕಾಳು, ಬಾಯಲ್ಲಿ ಖಾರ. ಅದಕ್ಕೇ ಅವಳಿಗೆ ಮೆಣಸು ಎಂದು ಹೆಸರು ಬಿದ್ದಿತ್ತು.

ಮಗಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಕೊಡುವ ಕೆಲಸ. ಬೆಳಗ್ಗಿಂದ ಸಂಜೆವರೆಗೆ ನಿಂತೇ ಇರಬೇಕು. ಚಪ್ಪಲಿ ಬಿಚ್ಚಿ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು ಪಟ್ಟಿ ತೆಗೆದಳು. ಐವತ್ತು ಎಂದದ್ದು ಆಗಲೇ ಎಪ್ಪತ್ತೆರಡಾಗಿತ್ತು.

“ಶಾಲೆಯ ಮಕ್ಕಳೇ ಇಪ್ಪತ್ತಾರು. ಬರೀ ಮಕ್ಕಳನ್ನ ಕಳಿಸ್ತಾರಾ? ಒಬ್ಬೊಬ್ಬರ ಜೊತೆ ಒಬ್ಬರಾದ್ರೂ ದೊಡ್ಡೋರು ಬರ್ತಾರೆ. ಈ ಕಟ್ಟಡದಲ್ಲಿ ಕೆಳಗಿನವರನ್ನ ಕರೆದು ಮೇಲಿನವರನ್ನ ಬಿಡೋ ಹಾಗಿಲ್ಲ. ಇವರ ಡಿಪೋದಿಂದ ಒಂದಿಷ್ಟು ಜನ.”

ಅಳಿಯ ಬಸ್ಸು ಓಡಿಸುತ್ತಿದ್ದ. ಬಾಗಿಲಿಗೆ ಒರಗಿ ನಿಂತು, “ನಾನು ಆರೇ ಜನಕ್ಕೆ ಹೇಳಿದ್ದು ಅತ್ತೆ” ಎಂದು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. “ಅವರು ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರ್ತಾರೆ ಅಂತ ಹೊಳೀಲೇ ಇಲ್ಲ.”

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ” ಎಂದಳು ಬೀಗಿತ್ತಿ. “ಇಲ್ಲಿ ಹಾಸಿಗೆಯೇ ಇಲ್ಲ, ಬರೀ ಕಾಲು.”

ಏನೇನು ಮಾಡುವುದು ಎಂಬ ಮಾತು ಶುರುವಾಯಿತು. ಸೂಪು ಇರಬೇಕು. ಬ್ರೆಡ್ಡು ಇರಬೇಕು. ತರಕಾರಿ ಅನ್ನ. ಹುರಿದ ಕೋಳಿ, ಕೋಳಿ ತಿನ್ನದವರಿಗೆ ಮೀನು. ಎರಡೂ ತಿನ್ನದವರಿಗೆ ಬೆಂದ ಬಟಾಣಿ. ಮಕ್ಕಳಿಗೆ ಕರಿದ ಆಲೂಗಡ್ಡೆ. ಕೋಸಿನ ಸಲಾಡು, ಹಣ್ಣಿನ ಕಸ್ಟರ್ಡು. ಅದರ ಮೇಲೆ ಕೇಕು.

“ಬಸ್ಸಿನ ಕೇಕು” ಎಂದಳು ಮೆಣಸು, ಮೇಜಿನ ಕೆಳಗಿನಿಂದ. “ಕ್ಯಾಂಟೀನಜ್ಜೀ, ಆ ಬಸ್ಸಿನ ಬಾಗಿಲು ತೆಗೆಯೋಕೆ ಬರಬೇಕು.”

ಪಟ್ಟಿ ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೇ ಮಹಡಿಯ ಹಿರಿಯರು ಉಪ್ಪು ಮುಟ್ಟುವುದಿಲ್ಲ. ಶಾಲೆಯ ಅವಳಿ ಮಕ್ಕಳಿಗೆ ಮೊಟ್ಟೆ ಆಗಿಬರುವುದಿಲ್ಲ. ಟೀಚರಿಗೆ ಸಕ್ಕರೆ ಕಾಯಿಲೆ. ಅಳಿಯನ ಸೋದರಮಾವನಿಗೆ ಹಲ್ಲೇ ಇಲ್ಲ. “ಹಲ್ಲು ಕಟ್ಟಿಸ್ಕೋ ಅಂತ ಹತ್ತು ವರ್ಷದಿಂದ ಹೇಳ್ತಿದ್ದೀನಿ” ಎಂದಳು ಬೀಗಿತ್ತಿ. “ಸೊಸೆ ಹಲ್ಲಿನ ಆಸ್ಪತ್ರೆಲೇ ಇದ್ದಾಳೆ. ಆದ್ರೂ ನನ್ನ ತಮ್ಮನಿಗೆ ಗಂಜಿಯೇ ಗತಿ.”

“ನೀನೇ ಬರ್ಕೊಮ್ಮ, ನಿನಗೆ ಅಳತೆ ಗೊತ್ತಾಗುತ್ತೆ” ಎಂದು ಮಗಳು ಪೆನ್ನು ಕೊಟ್ಟಳು. ದೊಡ್ಡಕ್ಕ ‘ಅಕ್ಕಿ’ ಎಂದು ಬರೆಯುವಷ್ಟರಲ್ಲಿ ಪೆನ್ನು ಬೆರಳಿಂದ ಜಾರಿ ಮೇಜಿನ ಕೆಳಗೆ ಬಿತ್ತು. ಮೆಣಸು ಎತ್ತಿಕೊಟ್ಟಳು. ಇನ್ನೆರಡು ಸಾಲಿಗೆ ಮತ್ತೆ ಜಾರಿತು. “ಕನ್ನಡಕ ತಂದಿಲ್ಲ, ನೀನೇ ಬರಿ” ಎಂದು ಕಾಗದವನ್ನು ಮಗಳತ್ತ ಸರಿಸಿದಳು. ಮಗಳು ಬರೆದುಕೊಳ್ಳುವುದರಲ್ಲಿ ಮುಳುಗಿದಳು. ಬೀಗಿತ್ತಿ ಮಾತ್ರ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಿಗೆ ಇಳಿಸಿ ಒಂದು ಕ್ಷಣ ನೋಡಿದಳು.

ಗುರುವಾರ ಮಗಳು ಫೋನು ಮಾಡಿ ಎಂಬತ್ತು ಎಂದಳು. ಶುಕ್ರವಾರ ಎಂಬತ್ತಾರು. “ಇನ್ನು ಯಾರನ್ನೂ ಕರೆಯಲ್ಲಮ್ಮ, ಆಣೆಗೂ” ಎಂದಳು. ಅವಳ ದನಿಯೂ ಸೋತಿತ್ತು. ದೊಡ್ಡಕ್ಕ ಸಂಜೆ ಮಾರುಕಟ್ಟೆಯಲ್ಲಿ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್ಟು ಆರಿಸಿ, ಚೀಲಗಳನ್ನು ಬೆರಳಿಗೆ ಬದಲು ಮೊಣಕೈಗೆ ನೇತುಹಾಕಿಕೊಂಡು ಮಗಳ ಮನೆಗೆ ತಲುಪಿಸಲು ಬಸ್ಸು ಹತ್ತಿದಳು. ಸೀಟು ಸಿಕ್ಕಿತು. ಕೂತವಳಿಗೆ ನಿದ್ದೆ ಹತ್ತಿ, ಇಳಿಯಬೇಕಾದ ನಿಲ್ದಾಣ ಬಿಟ್ಟು ಮೂರು ನಿಲ್ದಾಣ ಮುಂದೆ ಹೋಗಿಬಿಟ್ಟಿದ್ದಳು. ಅಲ್ಲಿಂದ ವಾಪಸು ಬರುವ ಬಸ್ಸಿಗೆ ಕಾಯುತ್ತ ನಿಂತಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಷ್ಟು ದೊಡ್ಡ ಆಲೂಗಡ್ಡೆ ಯಾಕೆ ಆರಿಸಿದೆ, ಸಿಪ್ಪೆ ತೆಗೆಯುವಾಗ ಕೈತುಂಬ ಹಿಡಿಯಬೇಕಾಗುತ್ತದಲ್ಲ ಎಂದಷ್ಟೇ ಯೋಚಿಸಿದಳು.

ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕ್ಯಾಂಟೀನಿನಲ್ಲಿ ಅದು ಆಯಿತು. ಸೂಪಿನ ಪಾತ್ರೆಯನ್ನು ಒಲೆಯಿಂದ ಬಡಿಸುವ ಕಟ್ಟೆಗೆ ಸಾಗಿಸುವುದು ನಾಲ್ಕು ಹೆಜ್ಜೆಯ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ನಡೆದ ನಾಲ್ಕು ಹೆಜ್ಜೆಯೋ. ಮೂರನೆಯ ಹೆಜ್ಜೆಗೆ ಬಲಗೈ ಇದ್ದಲ್ಲೇ ಇಲ್ಲವಾಯಿತು. ನೋವಾಗಲಿಲ್ಲ, ಹಿಡಿಯೇ ಬಿಟ್ಟುಹೋಯಿತು. ಪಾತ್ರೆ ಓರೆಯಾಗಿ, ನೆಲಕ್ಕೆ ಅಪ್ಪಳಿಸಿ, ಬಿಸಿ ಸೂಪು ಮೋರಿಯ ತನಕ ಹರಿಯಿತು. ಹತ್ತಿರ ಯಾರೂ ಇರಲಿಲ್ಲ, ಅದೇ ಪುಣ್ಯ. ಅವಳ ಎಡಪಾದದ ಮೇಲೆ ಒಂದಿಷ್ಟು ಚಿಮ್ಮಿತ್ತು. ತಟ್ಟೆ ತೊಳೆಯುವವಳು ಓಡಿಬಂದು ಒದ್ದೆ ಬಟ್ಟೆ ಸುತ್ತಿದಳು.

“ಏನಾಯ್ತು ದೊಡ್ಡಕ್ಕ, ಕಾಲು ಜಾರಿತಾ?”

“ಹೂಂ, ಜಾರಿತು.”

ಕ್ಯಾಂಟೀನಿನ ಮ್ಯಾನೇಜರು ಬಂದು ನೆಲ ನೋಡಿದ, ಅವಳ ಕೈ ನೋಡಿದ. “ಮನೆಗೆ ಹೋಗಿ” ಎಂದ. “ಸೋಮವಾರ ಮಾತಾಡೋಣ.”

ಅವಳು ಮನೆಗೆ ಹೋಗಲಿಲ್ಲ. ಕುಂಟುತ್ತ ಬಸ್ಸು ಹತ್ತಿ ಮಗಳ ಮನೆಗೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಜೋಡಿಸಿದ್ದೆಲ್ಲ ಉದುರಿಹೋಗಿತ್ತು. ಶನಿವಾರ ಅರ್ಧ ದಿನ. ಮಗಳು ಮನೆಯಲ್ಲೇ ಇದ್ದಳು. ನೆಲದ ಮೇಲೆ ಕೂತು ಬಣ್ಣದ ಕಾಗದ ಕತ್ತರಿಸುತ್ತಿದ್ದಳು. ಬೀಗಿತ್ತಿ ಮೇಜಿನ ಹತ್ತಿರ ಬಟಾಣಿ ಬಿಡಿಸುತ್ತಿದ್ದಳು. ಅಳಿಯ ಏಣಿ ಹತ್ತಿ ಬಲೂನು ಕಟ್ಟುತ್ತಿದ್ದ.

“ಬೇಗ ಬಂದೆಯಲ್ಲಮ್ಮ, ಒಳ್ಳೇದಾಯ್ತು” ಎಂದಳು ಮಗಳು ತಲೆ ಎತ್ತದೆ. “ಕೋಳಿಗೆ ಮಸಾಲೆ ಇವತ್ತೇ ಹಚ್ಚಿಡೋಣ್ವಾ?”

“ನನ್ನ ಕೈಲಿ ಆಗಲ್ಲ.”

“ಇವತ್ತು ಬೇಡ್ವಾ? ನಾಳೆ ಬೆಳಗ್ಗೆ ಅಂದ್ರೆ ಹೊತ್ತಾಗಲ್ವಾ?”

“ನಾಳೇನೂ ಆಗಲ್ಲ. ಅಡುಗೆ ನನ್ನ ಕೈಲಿ ಆಗಲ್ಲ.”

ಮಗಳು ಕತ್ತರಿ ಕೆಳಗಿಟ್ಟಳು. “ಆಗಲ್ಲ ಅಂದ್ರೆ? ಎಂಬತ್ತಾರು ಜನಕ್ಕೆ ಹೇಳಿಯಾಗಿದೆ. ಅಮ್ಮನೇ ಮಾಡ್ತಾಳೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ. ಬೇಜಾರಾಗಿದ್ರೆ ಬುಧವಾರ ಹೇಳಬೇಕಿತ್ತು. ಈಗ ಬಂದು ಕೈಲಾಗಲ್ಲ ಅಂದ್ರೆ ನಾನೇನು ಮಾಡಲಿ?”

“ಕೈಲಿ ಆಗಲ್ಲ ಅಂದ್ರೆ ಕೈಲಿ ಆಗಲ್ಲ ಕಣೆ” ಎಂದು ದೊಡ್ಡಕ್ಕ ತೋಳು ಮೇಲಕ್ಕೆ ಸರಿಸಿ ಎರಡೂ ಕೈಗಳನ್ನು ಮುಂದೆ ಹಿಡಿದಳು. “ನೋಡು. ಮುಷ್ಟಿ ಕಟ್ಟು ಅಂದ್ರೆ ಕಟ್ಟೋಕೆ ಬರಲ್ಲ.”

ಬಲಗೈ ಬೆರಳುಗಳು ಅರ್ಧ ಮಡಚಿಕೊಂಡು ನಿಂತವು. ಹೆಬ್ಬೆರಳ ಬುಡದ ಮಾಂಸ ಒಣಗಿ ಗುಳಿ ಬಿದ್ದಿತ್ತು. ಏಣಿಯ ಮೇಲಿದ್ದ ಅಳಿಯನ ಕೈಯಿಂದ ಬಲೂನು ಬಿಟ್ಟುಹೋಗಿ ತಾರಸಿಗೆ ಅಂಟಿಕೊಂಡಿತು.

ಮಗಳು ಕೈ ಹಿಡಿದು ನೋಡುತ್ತಾಳೆ ಎಂದುಕೊಂಡಿದ್ದಳು ದೊಡ್ಡಕ್ಕ. ಮಗಳು ಮುಖ ಮುಚ್ಚಿಕೊಂಡು ಅತ್ತಳು. “ಇದನ್ನ ಇವತ್ತು ಹೇಳ್ತೀಯಾ? ಇವತ್ತು ಹೇಳ್ತೀಯಾ ಅಮ್ಮ? ನನಗೂ ಸಾಕಾಗಿದೆ. ಬೆಳಗ್ಗಿಂದ ಸಂಜೆ ತನಕ ನಿಂತು ನಿಂತು ಕಾಲು ಬಿದ್ದುಹೋಗಿದೆ. ಮಗು ಒಂದು ದಿನ ಕೇಳಿದ್ದು, ಒಂದೇ ಒಂದು ದಿನ.” ಅವಳು ಯಾರ ಮೇಲೆ ಸಿಟ್ಟಾಗಿದ್ದಾಳೆಂಬುದು ಅವಳಿಗೂ ಗೊತ್ತಿರಲಿಲ್ಲ. ಮಹಡಿ ಹತ್ತಿ ಬಂದ ದಣಿವಿಗೆ ದೊಡ್ಡಕ್ಕ ಗೋಡೆಗೆ ಒರಗಿದಳು.

“ಮೊದಲು ಆಕೆಗೆ ಕೂರೋಕೆ ಒಂದು ಕುರ್ಚಿ ಕೊಡಿ” ಎಂದಳು ಬೀಗಿತ್ತಿ.

ಅಳಿಯ ಏಣಿಯಿಂದ ಇಳಿದು ಕುರ್ಚಿ ಎಳೆದ. ಬೀಗಿತ್ತಿ ಬಟಾಣಿಯ ಬುಟ್ಟಿ ಬದಿಗಿಟ್ಟು, ದೊಡ್ಡಕ್ಕನ ಬಲಗೈಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡು, ಬಟ್ಟೆಯ ನೆಯ್ಗೆ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಪೆನ್ನು ಬಿದ್ದಾಗಲೇ ನನಗೆ ಅನುಮಾನ ಬಂತು” ಎಂದಳು. “ಕೇಳೋಣ ಅಂದ್ಕೊಂಡೆ. ಕೇಳಿದ್ರೆ, ಬೀಗಿತ್ತಿ ಕೊಂಕು ಆಡಿದಳು ಅಂತ ನೀವು ಮುನಿಸ್ಕೋತೀರಿ ಅಂತ ಸುಮ್ಮನಾದೆ. ಕೇಳಬೇಕಿತ್ತು. ತಪ್ಪು ನಂದು.”

ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಳಿಯ ಬೀದಿ ಮೂಲೆಯ ಹೋಟೆಲಿಗೆ ಫೋನು ಮಾಡಿದ; ನಾಳೆಗೆ ಎಂಬತ್ತಾರು ಊಟ ಇವತ್ತು ಕೇಳಿದರೆ ಹೇಗೆ ಸ್ವಾಮಿ ಎಂದು ಅಲ್ಲಿ ನಕ್ಕರು. ಇನ್ನೊಂದು ಕಡೆ ಫೋನು ಎತ್ತಲೇ ಇಲ್ಲ. ಎಲ್ಲರಿಗೂ ಬರಬೇಡಿ ಅಂತ ಹೇಳಿಬಿಡೋಣ ಎಂದಳು ಮಗಳು. ಅಷ್ಟು ಹೊತ್ತು ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಮೆಣಸು ಬಾಗಿಲಲ್ಲಿ ಬಂದು ನಿಂತಿದ್ದಳು. ಬಾಯಲ್ಲಿ ಖಾರವಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

“ಪಟ್ಟಿ ಕೊಡು ಇಲ್ಲಿ” ಎಂದಳು ದೊಡ್ಡಕ್ಕ.

ಮಗಳು ಕಣ್ಣೊರೆಸಿಕೊಂಡು ಕೊಟ್ಟಳು.

“ಸೂಪು ಹೊಡೆದುಹಾಕು. ಮೀನು ಹೊಡೆದುಹಾಕು. ಸಲಾಡು, ಕಸ್ಟರ್ಡು ಎರಡೂ ಬೇಡ. ಕರಿಯೋದು ಬೇಡವೇ ಬೇಡ, ಆಲೂಗಡ್ಡೆ ಬೇಯಿಸಿ ಬೆಣ್ಣೆ ಮೆಣಸಿನಪುಡಿ ಹಾಕಿದ್ರೆ ಆಯ್ತು. ಬಟಾಣಿ ಅನ್ನದೊಳಗೇ ಹೋಗಲಿ. ಅನ್ನ, ಆಲೂಗಡ್ಡೆ, ಕೋಳಿ. ಮೂರೇ. ಆಮೇಲೆ ಹಣ್ಣು ಹೆಚ್ಚಿಡಿ. ಕೇಕು ಅಂಗಡೀದು.”

“ಮೂರೇನಾ?” ಎಂದಳು ಮಗಳು. “ಜನ ಏನಂತಾರೆ?”

“ಹೊಟ್ಟೆ ತುಂಬಿದವರು ಏನೂ ಅನ್ನಲ್ಲ. ಇಪ್ಪತ್ತೊಂದು ವರ್ಷ ನೋಡಿದ್ದೀನಿ.”

“ಮಾಡೋರು ಯಾರು ಅತ್ತೆ?” ಎಂದ ಅಳಿಯ.

“ನಾನು ಹೇಳ್ತೀನಿ. ನೀವು ಮೂರು ಜನ ಮಾಡ್ತೀರಿ.”

ಅಳಿಯ ತನ್ನ ಕೈಗಳನ್ನು ನೋಡಿಕೊಂಡ. ಇಷ್ಟು ದಿನ ಅವು ಸ್ಟೇರಿಂಗನ್ನು ಬಿಟ್ಟರೆ ಚಹದ ಲೋಟವನ್ನಷ್ಟೇ ಹಿಡಿದದ್ದು.

ಆ ಮಧ್ಯಾಹ್ನ ಹೆಚ್ಚುವ ಕೆಲಸ ನಡೆಯಿತು. ಬೀಗಿತ್ತಿ ಕ್ಯಾರೆಟ್ಟನ್ನು ಎಷ್ಟು ಸಮನಾಗಿ ಹೆಚ್ಚಿದಳೆಂದರೆ ಎಲ್ಲವೂ ಒಂದೇ ಅಳತೆಯ ಗುಂಡಿಗಳಂತೆ ಬಿದ್ದವು. ಆದರೆ ಒಂದು ಕ್ಯಾರೆಟ್ಟಿಗೆ ಐದು ನಿಮಿಷ. “ಬೀಗಿತ್ತಿ, ಇದು ಅಂಗಿಗೆ ಹೊಲಿಯೋದಲ್ಲ, ಹೊಟ್ಟೆಗೆ ಹೋಗೋದು. ಬೇಗ” ಎಂದು ದೊಡ್ಡಕ್ಕ ಕುರ್ಚಿಯಿಂದ ಕೂಗಿದಳು. ಈರುಳ್ಳಿ ಹೆಚ್ಚಿದ ಅಳಿಯ ಅತ್ತೂ ಅತ್ತೂ ಮೂಗು ಕೆಂಪಾದ. ಮಗಳು ಕೋಳಿಗೆ ಮಸಾಲೆ ಹಚ್ಚಿದಳು. ಮಾಡುವುದಕ್ಕಿಂತ ಕೂತು ಹೇಳುವುದೇ ಹೆಚ್ಚು ಸುಸ್ತು ಎಂದು ದೊಡ್ಡಕ್ಕನಿಗೆ ಗೊತ್ತಾದದ್ದು ಅವತ್ತು. ಪ್ರತಿಯೊಂದಕ್ಕೂ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅದನ್ನು ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಚಿಟಿಕೆ ಎಷ್ಟು ಎಂದು ಅಳಿಯ ಕೇಳಿದರೆ ಏನು ಹೇಳುವುದು? ಚಿಟಿಕೆ ಅಂದರೆ ಚಿಟಿಕೆ. ಅವಳ ಬೆರಳಿಗೆ ಗೊತ್ತಿದ್ದದ್ದನ್ನೆಲ್ಲ ಬಾಯಿಗೆ ತರಬೇಕಾಗಿತ್ತು, ಅರ್ಧಕ್ಕರ್ಧ ಮಾತೇ ಸಿಗುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಎಂಟಕ್ಕೆ ಕಟ್ಟಡದ ಹಿಂದಿನ ಅಂಗಳದಲ್ಲಿ ಡಿಪೋದಿಂದ ತಂದ ಎರಡು ದೊಡ್ಡ ಒಲೆ ಹೂಡಿದರು. ದೊಡ್ಡಕ್ಕ ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿತ್ತು. ಅಳಿಯ ಎರಡೂ ಕೈಯಲ್ಲಿ ಸೌಟು ಹಿಡಿದು, ತಿರುವಿನಲ್ಲಿ ಬಸ್ಸು ಹೊರಳಿಸುವವನಂತೆ ಮೈಯೆಲ್ಲ ಬಳಸಿ ಅನ್ನ ಕಲಕುತ್ತಿದ್ದ.

“ಕಲಕಬೇಡಿ! ಅಕ್ಕಿ ಮುರಿಯುತ್ತೆ. ಬದಿಯಿಂದ ಎತ್ತಿ ಹಾಕಿ ಸಾಕು.”

“ಆಯ್ತು ಅತ್ತೆ.”

“ಉರಿ ಇಳಿಸಿ.”

ಅವನು ಇಳಿಸಬೇಕಾದ ಕಡೆ ಏರಿಸಿದ. ಅದು ಗೊತ್ತಾದದ್ದು ಸೀದ ವಾಸನೆ ಬಂದಮೇಲೆ. ಮಗಳು ಓಡಿಬಂದಳು, ಬೀಗಿತ್ತಿ ಎದ್ದುನಿಂತಳು, ಎಲ್ಲರೂ ದೊಡ್ಡಕ್ಕನ ಮುಖ ನೋಡಿದರು. ಅವಳು ಒಂದು ನಿಮಿಷ ಕಣ್ಣು ಮುಚ್ಚಿದಳು. ಸಾಕು ಎಂದು ಬಿಟ್ಟುಬಿಡಬೇಕು ಎನ್ನಿಸಿತು. ಎದ್ದು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗಬೇಕು. ಹಸಿದವರು ಏನಾದರೂ ಮಾಡಿಕೊಳ್ಳಲಿ.

“ಯಾರೂ ತಳ ಕೆರೆಯಬೇಡಿ” ಎಂದಳು ಕಣ್ಣು ತೆರೆದು. “ಉರಿ ಆರಿಸಿ. ಇನ್ನೊಂದು ಪಾತ್ರೆ ತನ್ನಿ. ಮೇಲಿನದನ್ನ ಮಾತ್ರ ಮೆಲ್ಲಗೆ ತೆಗೆದು ಅದಕ್ಕೆ ಹಾಕಿ. ತಳದ್ದು ತಳದಲ್ಲೇ ಇರಲಿ. ಮೇಲೆ ನಾಲ್ಕು ಬ್ರೆಡ್ಡಿನ ಚೂರು ಇಟ್ಟು ಮುಚ್ಚಿ, ವಾಸನೆ ಹೀರ್ಕೊಳ್ಳುತ್ತೆ.”

ಹಾಗೆಯೇ ಮಾಡಿದರು. ಪೂರಾ ಹೋಗಲಿಲ್ಲ ವಾಸನೆ, ಮುಕ್ಕಾಲು ಹೋಯಿತು.

ಹನ್ನೆರಡೂವರೆಗೆ ಜನ ಬರತೊಡಗಿದರು. ಮೆಟ್ಟಿಲಲ್ಲಿ ಮಕ್ಕಳ ಬೂಟಿನ ಸದ್ದು, ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ದೊಡ್ಡಕ್ಕ ಅಳಿಯನ ಭುಜ ಹಿಡಿದು ಮೇಲೆ ಹತ್ತಿದಳು. ಎರಡನೇ ಮಹಡಿಯ ಹಿರಿಯರಿಗೆ ಉಪ್ಪಿಲ್ಲದ ಆಲೂಗಡ್ಡೆಯನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಿದೆ, ಹಲ್ಲಿಲ್ಲದ ಸೋದರಮಾವನಿಗೆ ಅನ್ನ ಮಿದ್ದು ಇಟ್ಟಿದೆ ಎಂದು ಮಗಳಿಗೆ ಹೇಳಿದಳು. “ಬಡಿಸೋದು ನನಗೆ ಬಿಡಿ” ಎಂದು ಬೀಗಿತ್ತಿ ಏಪ್ರನ್ನು ಕಟ್ಟಿಕೊಂಡಳು. “ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರಲ್ಲ. ಇಷ್ಟು ವರ್ಷಕ್ಕೆ ಒಂದು ಸಲ ಮೇಲಾಗ್ತೀನಿ.”

ಕಾಲಿನ ಬಟ್ಟೆ ಸಡಿಲವಾಗಿತ್ತು. ಸರಿಮಾಡಿಕೊಳ್ಳೋಣ ಎಂದು ದೊಡ್ಡಕ್ಕ ಮಲಗುವ ಕೋಣೆಗೆ ಹೋದಳು. ಹಾಸಿಗೆಯ ತುಂಬ ಬಂದವರ ಕೈಚೀಲ, ಛತ್ರಿ, ಮಕ್ಕಳ ಟೋಪಿ. ಅಂಚಿನಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ಕೂತಳು. ಹೊರಗೆ ಯಾರೋ ಎಂಟು ಹತ್ತು ಮಕ್ಕಳು ಒಟ್ಟಿಗೆ ಕಿರುಚಿದರು. ಕೇಕು ಕತ್ತರಿಸುವ ಮೊದಲು ಎದ್ದುಹೋಗಬೇಕು ಎಂದುಕೊಂಡಳು. ಯಾರದೋ ದಪ್ಪ ಚೀಲ ತಲೆಗೆ ಸಿಕ್ಕಿತು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯ ಇನ್ನೊಂದು ತುದಿಗೆ ಹೋಗಿತ್ತು. ಹಾಸಿಗೆಯ ಮೇಲೆ ಚೀಲಗಳಿರಲಿಲ್ಲ. ಅವಳ ತಲೆಯ ಕೆಳಗೆ ಯಾರೋ ದಿಂಬು ಸೇರಿಸಿದ್ದರು. ಮೆಣಸು ಮಂಚದ ಪಕ್ಕ ನಿಂತು ಅವಳ ಮುಖದ ಹತ್ತಿರಕ್ಕೇ ಬಗ್ಗಿ ನೋಡುತ್ತಿದ್ದಳು. ಗಲ್ಲದ ಮೇಲೆ ಕೆನೆ ಒಣಗಿತ್ತು.

“ಎಲ್ಲಾರೂ ಹೋದರು” ಎಂದಳು ಮೆಣಸು. “ನೀನು ಗೊರಕೆ ಹೊಡೀತಿದ್ದೆ. ಟೀಚರು ಬಂದು ನೋಡಿ ಹೋದರು.”

“ಅಯ್ಯೋ. ಕೇಕು?”

“ಚೌಕ ಕೇಕು. ಅಪ್ಪ ಬಿಸ್ಕತ್ತಿನ ಚಕ್ರ ಇಟ್ಟರು. ಬಾಗಿಲು ತೆಗೆಯೋಕೆ ಬರಲಿಲ್ಲ. ಒಂದು ಚಕ್ರ ಅವಳಿ ಇಬ್ಬರೂ ತಿಂದುಬಿಟ್ಟರು, ಮೊಟ್ಟೆ ಇಲ್ಲ ಅಂತ.” ಸ್ವಲ್ಪ ಯೋಚಿಸಿ ಸೇರಿಸಿದಳು, “ಚೆನ್ನಾಗಿತ್ತು. ತುಂಬಾ ಜನ ಇದ್ರು ನಮ್ಮನೇಲಿ.”

ಮಗಳು ಒಂದು ತಟ್ಟೆ ಹಿಡಿದು ಬಂದಳು. ಮೆಣಸನ್ನು ಹೊರಗೆ ಕಳಿಸಿ, ಮಂಚದ ಮೇಲೆ ಕಾಲು ಮಡಿಸಿ ಕೂತಳು. ಕೂದಲೆಲ್ಲ ಕೆದರಿ, ಕಣ್ಣಿನ ಕೆಳಗೆ ಕಪ್ಪಾಗಿತ್ತು. ತನ್ನ ಮಗಳಿಗೂ ವಯಸ್ಸಾಗುತ್ತಿದೆ ಎಂದು ದೊಡ್ಡಕ್ಕ ಮೊದಲ ಬಾರಿಗೆ ಕಂಡಳು.

“ಎಬ್ಬಿಸಬೇಕು ಅಂದ್ಕೊಂಡೆ. ಅತ್ತೆ ಬಿಡಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತುಬಿಟ್ಟಿದ್ರು, ಚೀಲ ಬೇಕಾದವರು ಅವರ ಹತ್ತಿರ ಕೇಳಿ ತಗೋಬೇಕಿತ್ತು.”

“ಅನ್ನ ಸಾಲಿತಾ?”

“ಸಾಲಿತು. ಇಬ್ಬರು ಮೂರು ಸಲ ಹಾಕಿಸ್ಕೊಂಡರು. ಕೆಳಗಿನ ಮನೆಯವಳು ಮಾತ್ರ, ಸ್ವಲ್ಪ ಸೀದ ವಾಸನೆ ಅಲ್ವಾ ಅಂದಳು. ಹೊಗೆ ಹಾಕಿ ಮಾಡಿದ್ದು, ಹೊಸ ಬಗೆ ಅಂತ ಇವರು ಹೇಳಿಬಿಟ್ಟರು. ಹೇಗೆ ಮಾಡೋದು ಹೇಳಿಕೊಡಿ ಅಂತ ಗಂಟುಬಿದ್ದಳು.”

ದೊಡ್ಡಕ್ಕನಿಗೆ ನಗು ಬಂತು. ನಕ್ಕಾಗ ಪಾದ ಉರಿಯಿತು. ಚಮಚ ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಒಂದು ತುತ್ತು ತಿಂದಳು. ಅಳಿಯ ಬಾಗಿಲಲ್ಲಿ ಬಂದು ನಿಂತ, ಪರೀಕ್ಷೆ ಬರೆದ ಹುಡುಗನ ಹಾಗೆ. “ಹೇಗಿದೆ ಅತ್ತೆ?”

“ಉಪ್ಪು ಕಮ್ಮಿ” ಎಂದಳು. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ. ಇನ್ನೊಂದು ತುತ್ತು ಬಾಯಿಗಿಟ್ಟು, “ಬೆಂದಿರೋದು ಮಾತ್ರ ಹದವಾಗಿದೆ” ಎಂದಳು. ಅದು ನಿಜವಾಗಿತ್ತು. ಅವನು ಮುಖ ಅರಳಿಸಿಕೊಂಡು ಒಳಗೆ ಹೋದ.

ಮಗಳು ತಟ್ಟೆಯನ್ನೇ ನೋಡುತ್ತಿದ್ದಳು. “ಯಾವಾಗಿಂದ ಅಮ್ಮ?”

“ಎರಡು ವರ್ಷ.”

“ಎರಡು ವರ್ಷ.” ಮಗಳು ಅದನ್ನೇ ಮತ್ತೊಮ್ಮೆ ಮೆಲ್ಲಗೆ ಹೇಳಿಕೊಂಡಳು. “ಕಳೆದ ವರ್ಷ ನನಗೆ ಜ್ವರ ಬಂದಾಗ ಒಂದು ವಾರ ಬಂದು ಎಲ್ಲಾ ಬಟ್ಟೆ ಒಗೆದೆಯಲ್ಲ.”

“ಹಿಂಡ್ತಾ ಇರಲಿಲ್ಲ. ಹಾಗೇ ನೀರು ಸೋರೋಕೆ ಬಿಡ್ತಿದ್ದೆ.”

ಮಗಳು ಈಗ ಕೈ ಹಿಡಿದುಕೊಂಡಳು. ನಿನ್ನೆಯ ಮಾತಿಗೆ ಕ್ಷಮೆ ಕೇಳಲಿಲ್ಲ. ಹೆಬ್ಬೆರಳ ಬುಡದ ಗುಳಿಯನ್ನು ತನ್ನ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಆಮೇಲೆ, “ನಾಳೆ ನಾನು ರಜಾ ಹಾಕ್ತೀನಿ. ಮೊದಲು ದೊಡ್ಡ ಡಾಕ್ಟರ ಹತ್ತಿರ ಹೋಗೋಣ. ಆಮೇಲೆ ನಿನ್ನ ಮ್ಯಾನೇಜರ ಹತ್ತಿರ ನಾನೂ ಬರ್ತೀನಿ” ಎಂದಳು.

ಬೇರೆ ದಿನವಾಗಿದ್ದರೆ ದೊಡ್ಡಕ್ಕ ಬೇಡ ಎನ್ನುತ್ತಿದ್ದಳು. ನಿನ್ನ ರಜೆ ಯಾಕೆ ಹಾಳು, ನಾನೇ ಹೋಗಿಬರ್ತೀನಿ ಎನ್ನುತ್ತಿದ್ದಳು. ಅಷ್ಟು ಮಾತನ್ನು ಹುಡುಕಿ ತರುವುದು ಈಗ ನಾಲ್ಕು ಮಹಡಿ ಹತ್ತಿದ ಹಾಗೆ ಕಂಡಿತು.

“ಬಾ” ಎಂದಳು.

ಮರುದಿನ ಡಾಕ್ಟರು ಕೈಗೆ ಆಪರೇಷನ್ನು ಮಾಡಬೇಕು ಎಂದದ್ದು, ಅದು ಆಗಿ ಎರಡು ತಿಂಗಳು ಅವಳು ಇದೇ ಕೋಣೆಯಲ್ಲಿ ಉಳಿದದ್ದು, ಆಮೇಲೂ ಕೈ ಪೂರ್ತಿ ಮರಳಿ ಬರದೆ ಕ್ಯಾಂಟೀನಿನವರು ಉಗ್ರಾಣ ನೋಡಿಕೊಳ್ಳುವ ಕೆಲಸ ಕೊಟ್ಟದ್ದು ಎಲ್ಲ ಮುಂದಿನ ಮಾತು. ಆ ಸಂಜೆ ಅವಳು ಮತ್ತೆ ದಿಂಬಿಗೆ ತಲೆಯಿಟ್ಟಳು. ಮಗಳು ಪಕ್ಕದಲ್ಲೇ, ಕಾಲು ಮಂಚದಿಂದ ಹೊರಗೆ ಚಾಚಿಕೊಂಡು, ಮಾತಿನ ನಡುವೆಯೇ ನಿದ್ದೆಹೋದಳು.

ಅಡುಗೆಮನೆಯಲ್ಲಿ ತಾಯಿ ಮಗ ಪಾತ್ರೆ ತೊಳೆಯುತ್ತಿದ್ದರು. ನೊರೆ ಜಾಸ್ತಿಯಾಯಿತು ಎಂದು ಒಬ್ಬರು, ನೀರು ಕಮ್ಮಿಯಾಯಿತು ಎಂದು ಇನ್ನೊಬ್ಬರು ಜಗಳವಾಡುತ್ತಿದ್ದರು. ದೊಡ್ಡ ಪಾತ್ರೆಯೊಳಗೆ ಸಣ್ಣದನ್ನು ಒದ್ದೆಯಾಗಿಯೇ ಇಟ್ಟ ಸದ್ದು ಕೇಳಿಸಿತು. ಹ್ಞಾ, ಹಾಗಿಟ್ಟರೆ ಬೆಳಗಾಗುವಷ್ಟರಲ್ಲಿ ಮುಗ್ಗಲು ವಾಸನೆ ಬರುತ್ತದೆ, ಒರೆಸಿ ಬೋರಲು ಹಾಕಬೇಕು. ಎದ್ದುಹೋಗಿ ಹೇಳಬೇಕು ಎಂದುಕೊಂಡಳು. ಮೊಣಕೈ ಊರಿ ಅರ್ಧ ಎದ್ದಳು ಕೂಡ. ಆಮೇಲೆ, ಇರಲಿ ಬಿಡು ಎಂದುಕೊಂಡು ಮಗಳ ಕಡೆ ಹೊರಳಿ ಮಲಗಿದಳು.